ಕನಕಾಂಬರಕ್ಕೆ ಯಾರ ಕೈ ತಾಗಿತು

ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಪೂರ್ತಿ ನಂಬುತ್ತಿರಲಿಲ್ಲ. ಹಾಗಂತ ಅದೇನು ಮೂರು ಹೊತ್ತೂ ಜಗಳವಾಡುವ ಮನೆಯಲ್ಲ. ಒಂದೇ ಒಲೆ, ಒಂದೇ ಮುದ್ದೆಕೋಲು, ಒಂದೇ ಹಿತ್ತಲು. ಆದರೆ ಅವ್ವ ತುಪ್ಪದ ಗಾಜಿನ ಬಾಟಲಿಗೆ ಸುಣ್ಣದ ಗೆರೆ ಎಳೆದಿಟ್ಟು ಹೊಲಕ್ಕೆ ಹೋಗುತ್ತಿದ್ದಳು. ಅಪ್ಪ ಬೀಡಿಕಟ್ಟು ಬಚ್ಚಿಡುವ ಜಾಗ ಆಗಾಗ ಬದಲಾಗುತ್ತಿತ್ತು. ಅಜ್ಜಿಯಂತೂ ಮೊಟ್ಟೆಗೆ ಹೊರಟ ಕೋಳಿಯ ಹಿಂದೆಯೇ ಹೋಗಿ ನಿಲ್ಲುತ್ತಿದ್ದಳು. ಆ ಕೋಳಿ ನಮ್ಮ ರಾಗಿ ತಿಂದು ಪಕ್ಕದ ಮನೆಯ ಸಿದ್ದಕ್ಕನ ಹುಲ್ಲುಬಣವೆಯಲ್ಲಿ ಮೊಟ್ಟೆ ಇಟ್ಟು ಬರುತ್ತದೆ ಎನ್ನುವುದು ಅವಳ ಗುಮಾನಿ. ಇಂಥವರ ನಡುವೆ ಬೆಳೆದವಳು ನಾನು. ಇವತ್ತಿಗೂ ತರಕಾರಿ ಅಂಗಡಿಯವನು ನಗುನಗುತ್ತಾ ಮಾತಾಡಿಸಿದರೆ ನನ್ನ ಕಣ್ಣು ಮೊದಲು ಹೋಗುವುದು ತಕ್ಕಡಿಯ ಮೇಲೆ. ನನ್ನ ಯಜಮಾನರು, ಇವಳು ದೇವಸ್ಥಾನದ ತೀರ್ಥವನ್ನೂ ಮೂಸಿ ನೋಡಿ ಕುಡಿಯುವವಳು ಅಂತ ನೆಂಟರೆದುರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅವರು ನಮ್ಮ ಹಿತ್ತಲಲ್ಲಿ ಬೆಳೆದವರಲ್ಲ.

ಮನೆ ಇದ್ದದ್ದು ಮಧುಗಿರಿಯಿಂದ ದೊಡ್ಡೇರಿ ಕಡೆ ಹೋಗುವ ಬಸ್ಸು ಇಳಿಸಿಹೋದ ಮೇಲೆ ಹೊಲದ ಬದುವಿನ ಮೇಲೆ ಸ್ವಲ್ಪ ದೂರ ನಡೆದರೆ ಸಿಗುವ ಊರಿನಲ್ಲಿ. ನಮ್ಮ ಕಡೆ ಕಲ್ಲಿಗೇನು ಬರ? ಮನೆಯ ಸೂರಿಗೂ ಕಲ್ಲುಚಪ್ಪಡಿ, ಹಿತ್ತಲ ಗೋಡೆಗೂ ಸಾಲಾಗಿ ನೆಟ್ಟ ಚಪ್ಪಡಿ. ಮುಂದೆ ಪಡಸಾಲೆ, ಅದರ ಹಿಂದೆ ದವಸದ ಮೂಟೆಗಳು ತುಂಬಿದ ಕತ್ತಲೆಯ ನಡುಮನೆ, ಬಲಕ್ಕೆ ಹೊಗೆ ಹಿಡಿದ ಅಡಿಗೆಮನೆ. ಅಡಿಗೆಮನೆಯ ಹಿಂಬಾಗಿಲು ತೆಗೆದರೆ ಹಿತ್ತಲು. ಹಿತ್ತಲಿಗೆ ಮುಖ ಮಾಡಿ, ಪಕ್ಕದ ಗೋಡೆಗೆ ಅಂಟಿಕೊಂಡು ತಗಡಿನ ಮಾಡಿನ ಒಂದು ಪುಟ್ಟ ಜಗಲಿ ಇತ್ತು. ಮನೆಯ ಹೆಂಗಸರು ಮುಟ್ಟಾದರೆ ಮೂರು ದಿನ ಅಲ್ಲೇ ಇರಬೇಕು. ನಮ್ಮಲ್ಲಿ ಅದಕ್ಕೆ ಹೊರಗಾಗುವುದು ಅನ್ನುತ್ತಿದ್ದರು. ಅವ್ವ ಅಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದದ್ದು, ಹಾಗೇ ಗೋಡೆಗೊರಗಿ ನಿದ್ದೆ ಹೋಗುತ್ತಿದ್ದದ್ದು ನನಗೆ ನೆನಪಿದೆ. ಆಕೆಗೆ ನಿಜವಾಗಿ ವಿಶ್ರಾಂತಿ ಸಿಗುತ್ತಿದ್ದದ್ದು ಆಗ ಮಾತ್ರ, ಆದ್ದರಿಂದ ಆಕೆ ಅದರ ಬಗ್ಗೆ ಗೊಣಗಿದ್ದನ್ನು ನಾನು ಕೇಳಿಲ್ಲ.

ಹಿತ್ತಲು ಅಜ್ಜಿಯ ರಾಜ್ಯ. ನುಗ್ಗೆಮರದ ಅರೆನೆರಳಿನಲ್ಲಿ ಸಾಲು ಸಾಲು ಕನಕಾಂಬರ. ಸುತ್ತಮುತ್ತಲ ಊರುಗಳಲ್ಲಿ ಅನೇಕರು ಹೊಲದಲ್ಲೇ ಬೆಳೆಯುತ್ತಿದ್ದರು, ಆದರೆ ಅಜ್ಜಿಯ ಗಿಡದ ಬಣ್ಣ ಯಾರದ್ದಕ್ಕೂ ಇಲ್ಲ ಅಂತ ಅಜ್ಜಿಯೇ ಹೇಳುತ್ತಿದ್ದಳು. ಅದನ್ನು ಬೆಳೆಸುವ ವಿದ್ಯೆಯನ್ನು ಅವಳು ಯಾರಿಗೂ ಬಾಯಿಬಿಟ್ಟು ಕಲಿಸಲಿಲ್ಲ, ನಾವು ಹಿಂದೆ ಮುಂದೆ ಸುಳಿದು ಕದ್ದು ಕಲಿತದ್ದು. ಹೂ ಉದುರಿದ ತೆನೆಯಲ್ಲಿ ಕಾಯಿ ಕಟ್ಟಿ ಕಂದುಬಣ್ಣಕ್ಕೆ ತಿರುಗುತ್ತಲೇ ಅವಳು ಆಕಾಶ ನೋಡಲು ಶುರು ಮಾಡುವಳು. ಯಾಕೆಂದರೆ ಒಣಗಿದ ಕನಕಾಂಬರದ ಕಾಯಿಗೆ ಒಂದು ಹನಿ ನೀರು ತಾಗಿದರೆ ಸಾಕು, ಟಪ್ಪಂತ ಸಿಡಿದು ಬೀಜ ಎಲ್ಲಿಗೋ ಹಾರಿಹೋಗುತ್ತದೆ. ಮೋಡ ಕಟ್ಟಿದ ದಿನ ಅವಳು ಸೆರಗಿನ ತುಂಬ ಕಾಯಿ ಕಿತ್ತು ತಂದು ಮೊರದಲ್ಲಿ ಹರಡಿ, ಮೇಲೊಂದು ಹಳೆ ಸೀರೆ ಮುಚ್ಚಿ, ಕೈಯಿಂದ ನೀರು ಚಿಮುಕಿಸುವಳು. ಸೀರೆಯ ಕೆಳಗೆ ಟಪಟಪ ಸದ್ದು. ನಾವು ಮಕ್ಕಳು ಒಂದೊಂದು ಕಾಯಿ ಕದ್ದು ನಾಲಗೆ ಮೇಲಿಟ್ಟುಕೊಂಡು, ಅದು ಬಾಯೊಳಗೆ ಸಿಡಿದಾಗ ಕಿರುಚುತ್ತಿದ್ದೆವು. ಅಜ್ಜಿ ಬಾಯಿ ತೆಗೆಸಿ, ಬೀಜ ನುಂಗಿದೆವೋ ಇಲ್ಲವೋ ಅಂತ ಬೆರಳು ಹಾಕಿ ನೋಡುತ್ತಿದ್ದಳು. ಮೊಮ್ಮಕ್ಕಳ ಹೊಟ್ಟೆಯ ಚಿಂತೆಯಲ್ಲ ಅದು, ಬೀಜದ ಚಿಂತೆ.

ಹಳೆಯ ಕೊಟ್ಟಿಗೆ ಗೊಬ್ಬರಕ್ಕೆ ಜರಡಿ ಹಿಡಿದ ಕೆಮ್ಮಣ್ಣು ಸೇರಿಸಿ ಎತ್ತರದ ಸಸಿಮಡಿ ಮಾಡುವಳು. ಬೀಜ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು, ಅದರ ಮೇಲೆ ರಾಗಿಹುಲ್ಲು. ಮೊಳಕೆ ಕಂಡ ದಿನ ಹುಲ್ಲು ತೆಗೆದುಬಿಡಬೇಕು, ಇಲ್ಲದಿದ್ದರೆ ಸಸಿ ಸೊರಗಿ ಉದ್ದಕ್ಕೆ ಬೆಳೆಯುತ್ತದೆ. ಎಲೆ ಬಲಿತ ಮೇಲೆ ಕಿತ್ತು, ಗೇಣಿಗಿಂತ ಹೆಚ್ಚು ಅಂತರ ಬಿಟ್ಟು ಸಾಲಿನಲ್ಲಿ ನೆಡುವುದು. ಬುಡಕ್ಕೆ ಹೊಂಗೆಹಿಂಡಿ. ಈ ಗಿಡಕ್ಕೆ ಮಣ್ಣು ತಂಪಾಗಿರಬೇಕು, ಆದರೆ ನೀರು ನಿಂತರೆ ಬೇರು ಕೊಳೆಯುತ್ತದೆ. ಅದಕ್ಕೇ ಅಜ್ಜಿ ಕಾಲುವೆ ಮಾಡಿ ನೀರು ಬಿಡದೆ, ಹಿತ್ತಲ ಕಲ್ಲುತೊಟ್ಟಿಯಿಂದ ಚೊಂಬಿನಲ್ಲಿ ಎತ್ತಿ ಒಂದೊಂದು ಬುಡಕ್ಕೂ ಹಾಕುತ್ತಿದ್ದಳು. ಕರೆಂಟು ಬಂದಾಗ ಕೊಳವೆಬಾವಿಯ ನೀರು ಪೈಪಿನಲ್ಲಿ ಬಂದು ಆ ತೊಟ್ಟಿಗೆ ಬೀಳುತ್ತಿತ್ತು. ತೊಟ್ಟಿಗೆ ಬೇರೆ ಯಾರೂ ಕೈ ಅದ್ದುವ ಹಾಗಿಲ್ಲ. ಪಾತ್ರೆಗೆ, ದನಕ್ಕೆ, ಕುಡಿಯಲು ಬೇರೆ ನೀರು. ಹೂ ಬಿಡಿಸುವುದು ಬೆಳಗಿನ ತಂಪಿನಲ್ಲಿ. ತೆನೆಯಲ್ಲಿ ಹೂ ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುತ್ತದೆ. ಅರಳಿದ್ದನ್ನು ಮಾತ್ರ ಎರಡು ಬೆರಳಲ್ಲಿ ಎಳೆದುಕೊಂಡು, ಮುಗಿದ ತೆನೆಯನ್ನು ಚಿವುಟಿಬಿಡಬೇಕು, ಆಗ ಪಕ್ಕದಲ್ಲಿ ಹೊಸ ಚಿಗುರು ಬರುತ್ತದೆ. ಆ ಹೂವಿಗೆ ವಾಸನೆಯೇ ಇಲ್ಲ ಅಂತ ಯಾರಾದರೂ ಅಂದರೆ ಅಜ್ಜಿಗೆ ಉರಿದುಹೋಗುತ್ತಿತ್ತು.

"ನಿನ್ ಮಲ್ಲಿಗೆ ಸಂಜಿಕೆ ಕರ್ರಗಾಗಿ ಕೂತ್ಕತೈತೆ. ನಂದು ನಾಳೀಕೂ ಇಂಗೇ ಇರ್ತೈತೆ. ವಾಸ್ನೆ ತಗಂಡು ಏನ್ ಮಾಡ್ತೀಯಾ ಬುಡು!"

ಇಷ್ಟೆಲ್ಲ ಬೆಳೆದ ಅಜ್ಜಿ ಒಂದು ಹೂವನ್ನೂ ಮುಡಿಯುವ ಹಾಗಿರಲಿಲ್ಲ. ತಾತ ತೀರಿಹೋಗಿ ಬಹಳ ಕಾಲವಾಗಿತ್ತು. ಬೆಳಗ್ಗೆ ಬಾಳೆನಾರಿನಲ್ಲಿ ಕಟ್ಟಿ ಒಂದು ಪಾಲು ದೇವರಿಗೆ, ಉಳಿದದ್ದನ್ನು ಮನೆಯ ಹೆಂಗಸರಿಗೆ ಹಂಚುವಳು. ಹಂಚುವುದರಲ್ಲೇ ಅವಳ ಮನಸ್ಸು ತಿಳಿಯುತ್ತಿತ್ತು. ನಂಬಿಕೆ ಇದ್ದ ದಿನ ಅವ್ವನಿಗೆ ಮೊಳದುದ್ದ, ಗುಮಾನಿ ಬಂದ ದಿನ ಗೇಣುದ್ದ. ಅವ್ವನ ತುರುಬು ನೋಡಿಯೇ ಅಪ್ಪ ಮನೆಯ ಹವಾಮಾನ ತಿಳಿದುಕೊಂಡು ಹೊಲಕ್ಕೆ ಬೇಗ ಹೊರಟುಬಿಡುತ್ತಿದ್ದ. ಇನ್ನು ಪಾತಿಯ ವಿಷಯದಲ್ಲಿ ಅಜ್ಜಿಯ ಕಟ್ಟಳೆ ಒಂದೇ: ಹೊರಗಾದವರು ಗಿಡದ ಹತ್ತಿರ ಸುಳಿಯಬಾರದು, ಅವರ ನೆರಳು ಬಿದ್ದರೂ ಕನಕಾಂಬರ ಒಣಗುತ್ತದೆ. ಎಲ್ಲಾದರೂ ಒಂದು ಎಲೆ ಹಳದಿಯಾದರೆ ಅವಳು ಗಿಡವನ್ನು ನೋಡುತ್ತಿರಲಿಲ್ಲ, ತಿರುಗಿ ನಮ್ಮ ಮುಖಗಳನ್ನು ನೋಡುತ್ತಿದ್ದಳು.

ಅಂಥ ಮನೆಗೆ ಚಿಕ್ಕಪ್ಪನನ್ನು ಮದುವೆಯಾಗಿ ಬಂದವಳು ರತ್ನ ಚಿಕ್ಕಮ್ಮ. ಪಾವಗಡದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಊರು ಅವಳದ್ದು. ಅಲ್ಲಿ ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ. ಗಾಬರಿಯಾದರೆ ಅವಳ ಬಾಯಲ್ಲಿ ಎರಡೂ ಒಟ್ಟಿಗೆ ಬರುತ್ತಿದ್ದವು. ಅಜ್ಜಿಯನ್ನು 'ಅತ್ತಾ' ಅಂತ ರಾಗವಾಗಿ ಕರೆಯುತ್ತಿದ್ದಳು, ಬೇಕಾದ್ದಕ್ಕೂ ಬೇಡದ್ದಕ್ಕೂ ಗಟ್ಟಿಯಾಗಿ ನಗುತ್ತಿದ್ದಳು. ನಮ್ಮ ಮನೆಯಲ್ಲಿ ಆ ತನಕ ನಗು ಅಂದರೆ ಬಾಯಿಗೆ ಸೆರಗು ಅಡ್ಡ ಹಿಡಿದು ಮಾಡುವ ಕೆಲಸ. ನನಗೆ ಅವಳು ಬಂದ ದಿನವೇ ಇಷ್ಟವಾಗಿಬಿಟ್ಟಳು. ಅಜ್ಜಿಗೆ ಮಾತ್ರ ಆ ನಗುವಿನ ಮೇಲೆಯೇ ಮೊದಲ ಅನುಮಾನ.

"ಇಷ್ಟು ನಗಾಕೆ ನಮ್ಮನೇಲಿ ಏನೈತೆ? ಏನೋ ಮುಚ್ಚಿಡ್ತಾವ್ಳೆ ಕಣೇ ಇವ್ಳು."

ಆ ಬೇಸಿಗೆಯಲ್ಲಿ ಕನಕಾಂಬರದ ಒಂದೆರಡು ಗಿಡ ಬಾಡಿದವು. ಬಿಸಿಲಿಗೇ ಇರಬೇಕು, ಅಂಥ ಬಿಸಿಲು. ಆದರೆ ಹಿಂದಿನ ಬೇಸಿಗೆಗಳಲ್ಲಿ ಮನೆಯಲ್ಲಿ ಇಲ್ಲದ್ದು ಈ ಸಲ ಇದ್ದದ್ದು ಒಂದೇ, ಹೊಸ ಸೊಸೆ. ಅಜ್ಜಿಗೆ ಅಷ್ಟು ಸಾಕಾಯಿತು. ಚಿಕ್ಕಮ್ಮ ಹೊರಗಾದದ್ದನ್ನು ಮುಚ್ಚಿಟ್ಟು ಪಾತಿಯೊಳಗೆ ಓಡಾಡಿದ್ದಾಳೆ ಅಂತ ಅವಳು ತೀರ್ಮಾನಿಸಿಬಿಟ್ಟಳು. "ಲೇದು ಅತ್ತಾ, ದೇವರಾಣೆ ಇಲ್ಲ" ಅಂತ ಚಿಕ್ಕಮ್ಮ ಕೈಮುಗಿದಳು. ಆಣೆ ಇಟ್ಟದ್ದು ಇನ್ನೂ ತಪ್ಪಾಯಿತು. ಏನೂ ಮಾಡದವಳು ಆಣೆ ಯಾಕೆ ಇಡುತ್ತಾಳೆ? ದಿನ ಕಳೆದಂತೆ ಸಾಲಿಗೆ ಸಾಲೇ ಕೆಡುತ್ತಾ ಬಂತು. ಎಲೆಯ ಅಂಚು ಸುಟ್ಟ ಹಾಗೆ ಕಪ್ಪಾಗುವುದು, ತೆನೆ ಮೊಗ್ಗಿನಲ್ಲೇ ಒಣಗುವುದು. ಅಜ್ಜಿ ಎಷ್ಟು ನೀರು ಹಾಕಿದರೂ ಗಿಡ ಸುಧಾರಿಸಲಿಲ್ಲ, ನೀರು ಹಾಕಿದಷ್ಟೂ ಸೊರಗಿತು.

ಅದೇ ಹೊತ್ತಿಗೆ ಅವ್ವನದ್ದು ಇನ್ನೊಂದು ಶುರುವಾಯಿತು. ಅಡಿಗೆಮನೆಯ ಮಡಕೆಯಲ್ಲಿ ತುಂಬಿಟ್ಟ ಕಲ್ಲುಪ್ಪು ಖಾಲಿಯಾಗುತ್ತಿತ್ತು. ತಂದು ತುಂಬಿದರೆ ಮತ್ತೆ ಖಾಲಿ.

"ನಾವೇನು ದಿನಾಲೂ ಉಪ್ಪಿನಕಾಯಿ ಹಾಕ್ತಿದೀವಾ? ಎಲ್ಲಿಗೋಗ್ತೈತೆ ನನ್ ಉಪ್ಪು?"

"ನಂಗೇನು ಗೊತ್ತಕ್ಕಾ, ನಾನು ಸಾರಿಗೆ ಹಾಕೋದಷ್ಟೇ," ಅಂದಳು ಚಿಕ್ಕಮ್ಮ.

"ಸಾರಿಗೆ ಹಾಕಿದ್ದು ನಾಲಿಗೆಗೆ ಗೊತ್ತಾಗ್ತಿತ್ತಲ್ಲಮ್ಮಾ."

ಅವ್ವ ಮತ್ತು ಅಜ್ಜಿ ಒಂದೇ ಮಾತಿಗೆ ಒಪ್ಪಿದ್ದನ್ನು ನಾನು ಕಂಡದ್ದು ಆಗಲೇ. ಗಡಿಯ ಕಡೆಯವಳು, ಅಲ್ಲಿ ಏನೇನೋ ಮಾಟ ಮಂತ್ರ ಇರುತ್ತದೆ, ಉಪ್ಪು ತೆಗೆದುಕೊಂಡು ಏನೋ ಮಾಡುತ್ತಿದ್ದಾಳೆ ಅಂತ ಇಬ್ಬರೂ ಒಲೆಯ ಮುಂದೆ ತಲೆ ಹತ್ತಿರ ಮಾಡಿಕೊಂಡು ಮಾತಾಡುವರು. ಅಜ್ಜಿ ನನ್ನನ್ನು ನಡುಮನೆಗೆ ಕರೆದು ಕೈಗೊಂದು ಬೆಲ್ಲದ ಚೂರು ಕೊಟ್ಟಳು.

"ಲೇ ಪುಟ್ಟಿ, ನಿನ್ ಚಿಕ್ಕಮ್ಮ ಎಲ್ಲೋಗ್ತಾಳೆ, ಏನ್ ಮುಟ್ತಾಳೆ, ಎಲ್ಲಾ ನಂಗೆ ಬಂದು ಹೇಳ್ಬೇಕು."

ನಾನು ಬೆಲ್ಲ ತಿಂದು ಚಿಕ್ಕಮ್ಮನ ಹಿಂದೆ ಬಿದ್ದೆ. ನಿಜ ಹೇಳಬೇಕೆಂದರೆ ಬೆಲ್ಲ ಕೊಡದಿದ್ದರೂ ಬೀಳುತ್ತಿದ್ದೆ, ಅವಳ ಜೊತೆ ಇರುವುದೇ ನನಗೆ ಹಬ್ಬ. ಅವಳು ಕೊಟ್ಟಿಗೆ ಗುಡಿಸಿದಳು, ರಾಗಿ ಹಸನು ಮಾಡಿದಳು, ಯಾರೂ ಇಲ್ಲದಾಗ ಬಾಗಿಲ ಹಿಂದೆ ಕೂತು ಅತ್ತಳು. ಪಾತಿಯ ಕಡೆ ತಲೆ ಕೂಡ ಹಾಕಲಿಲ್ಲ. ಇದನ್ನೇ ಹೋಗಿ ಹೇಳಿದರೆ ಅಜ್ಜಿ ಕಣ್ಣು ಕಿರಿದು ಮಾಡಿ ನನ್ನನ್ನೇ ಮೇಲಿಂದ ಕೆಳಗೆ ನೋಡಿದಳು.

"ನಿಂಗೂ ಏನೋ ತಿನ್ಸವ್ಳೆ ಅವ್ಳು."

ಕೊನೆಗೆ ಚಿಕ್ಕಮ್ಮನ ಅಪ್ಪನಿಗೆ ಹೇಳಿಕಳಿಸಿದರು, ಬಂದು ಮಗಳನ್ನು ಕರೆದುಕೊಂಡು ಹೋಗಲಿ, ಒಂದಷ್ಟು ದಿನ ತವರಿನಲ್ಲಿ ಇರಲಿ ಅಂತ. ಒಂದಷ್ಟು ದಿನ ಎಂದರೆ ಏನು ಅಂತ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕೈಗುಣ ಸರಿಯಿಲ್ಲ ಅನ್ನಿಸಿಕೊಂಡು ತವರಿಗೆ ಹೋದ ಹೆಣ್ಣನ್ನು ಮತ್ತೆ ಕರೆಸಿಕೊಳ್ಳುವ ಮನೆ ಯಾವುದು? ಚಿಕ್ಕಪ್ಪ ಗಂಡಸು ಅಂತ ಇದ್ದನಲ್ಲ, ಅವನು ತಾಯಿಯ ಎದುರು ಒಂದು ಮಾತೂ ಆಡದೆ, ಹೆಂಡತಿಯ ಎದುರಿಗೂ ಬಾರದೆ, ಬೆಳಗ್ಗೆ ಎದ್ದವನೇ ಊರ ಮುಂದಿನ ಗದ್ದಿಗೆ ಕಟ್ಟೆಯ ಮೇಲೆ ಹೋಗಿ ಕೂತುಬಿಡುತ್ತಿದ್ದ. ನನಗೆ ಈಗಲೂ ಅವನ ಮೇಲೆ ಸಿಟ್ಟಿದೆ.

ಅವರಪ್ಪ ಬೆಳಗಿನ ಬಸ್ಸಿಗೆ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವಲು, ಕಾಲಿನ ತುಂಬ ಧೂಳು. ಪಡಸಾಲೆಯ ಚಾಪೆಯ ತುದಿಯಲ್ಲಿ ಕೂತು ಕೊಟ್ಟ ಮಜ್ಜಿಗೆ ಮುಟ್ಟಲಿಲ್ಲ. ಅಜ್ಜಿ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಒಣಗಿದ ಸಾಲುಗಳನ್ನು ಕೈ ತೋರಿಸಿ ತೋರಿಸಿ ಹೇಳುತ್ತಿದ್ದಳು. ಅವರು ಗಿಡ ನೋಡದೆ ಮಗಳನ್ನು ನೋಡುತ್ತಿದ್ದರು. ಚಿಕ್ಕಮ್ಮ ಬಟ್ಟೆಯ ಗಂಟು ಹಿಂಬಾಗಿಲ ಹತ್ತಿರ ಇಟ್ಟು, ಅತ್ತು ಊದಿಕೊಂಡ ಮುಖ ತೊಳೆಯಲು ನೇರ ಕಲ್ಲುತೊಟ್ಟಿಗೆ ಹೋಗಿ ಎರಡೂ ಕೈ ಅದ್ದಿದಳು. ಅಜ್ಜಿ "ಏಯ್" ಅಂದಳು. ಹೇಗಿದ್ದರೂ ಹೋಗುವವಳು, ಅವಳು ಕೇಳಿಸಿಕೊಳ್ಳಲಿಲ್ಲ. ಮುಖಕ್ಕೆ ನೀರು ಎರಚಿಕೊಂಡಳು. ತುಟಿ ಸವರಿಕೊಂಡು, ಮತ್ತೊಂದು ಬೊಗಸೆ ಎತ್ತಿ ಬಾಯಿಗೆ ಹಾಕಿಕೊಂಡು ಥೂ ಅಂತ ಉಗಿದಳು. ಮೊದಲು ಅದು ತನ್ನ ಕಣ್ಣೀರಿನ ಉಪ್ಪು ಅಂದುಕೊಂಡಿದ್ದಳಂತೆ.

"ಅಕ್ಕಾ, ಇಲ್ಲಿ ಬಾ! ಈ ನೀರು ಬಾಯಿಗೆ ಹಾಕಿ ನೋಡು!"

ಅವ್ವ ಬಂದು ಬೆರಳದ್ದಿ ನೆಕ್ಕಿದಳು. ಬಗ್ಗಿ ತೊಟ್ಟಿಯ ತಳ ಸವರಿದಳು. ಮೂಲೆಯಲ್ಲಿ ಇನ್ನೂ ಕರಗದ ಹರಳುಗಳಿದ್ದವು. ಗಿಡದ ಬುಡದ ಮಣ್ಣಿನ ಮೇಲೆ ಬಿಳೀ ಪೊರೆ ಕಟ್ಟಿದ್ದು ಈಗ ಎಲ್ಲರ ಕಣ್ಣಿಗೂ ಬಿತ್ತು.

"ನನ್ ಉಪ್ಪು! ನೋಡ್ರಪ್ಪಾ, ನನ್ ಉಪ್ಪೆಲ್ಲ ಇಲ್ಲೈತೆ! ಇವ್ಳೇ ಕಣ್ರೇ, ಕದ್ದು ತಂದು ನೀರಿಗೆ ಹಾಕಿ ಗಿಡ ಸಾಯ್ಸವ್ಳೆ! ಇನ್ನೇನ್ ಬೇಕು?"

ಚಿಕ್ಕಮ್ಮ ತೊಟ್ಟಿಯಿಂದ ಹಿಂದಕ್ಕೆ ಸರಿದಳು. ತಾನೇ ಕರೆದು ತೋರಿಸಿದ್ದು ತನ್ನ ಕೊರಳಿಗೇ ಬಂದಿತ್ತು. ಅವಳ ಅಪ್ಪ ಟವಲಿನಿಂದ ಬಾಯಿ ಒತ್ತಿಕೊಂಡು ನಿಂತುಬಿಟ್ಟರು. ನಾನು ಅಜ್ಜಿಯ ಪಕ್ಕದಲ್ಲೇ ಇದ್ದೆ. ಅವಳು ಅವ್ವನ ಹಾಗೆ ಕೂಗಾಡುತ್ತಾಳೆ ಅಂದುಕೊಂಡು ಮುಖ ನೋಡಿದರೆ, ಅವಳ ಕಣ್ಣು ತೊಟ್ಟಿಯ ಮೇಲಿತ್ತು. ಆ ಹೊತ್ತಿನಲ್ಲಿ ಅವಳು ಸುಮ್ಮನಿದ್ದಿದ್ದರೆ ಸಾಕಿತ್ತು. ಬಸ್ಸಿಗೆ ಹೊತ್ತಾಗಿತ್ತು, ಗಂಟು ಕಟ್ಟಿ ಆಗಿತ್ತು, ಕಳ್ಳಿ ಅಂತ ಎಲ್ಲರೂ ಒಪ್ಪಿ ಆಗಿತ್ತು.

"ಅವ್ಳಲ್ಲ. ನಾನೇ," ಅಂದಳು ಅಜ್ಜಿ.

ಯಾರಿಗೂ ಅರ್ಥವಾಗಲಿಲ್ಲ.

"ನಾನೇ ಕಣ್ರೇ ಹಾಕಿದ್ದು. ದಿನಾ ಹೊತ್ತು ಮುಳುಗೋವಾಗ ಉಪ್ಪು ತಗಂಡು ಗಿಡಕ್ಕೆ ನಿವಾಳಿಸ್ತಿದ್ದೆ. ನಿವಾಳಿಸಿದ್ದನ್ನ ನೀರಿಗೆ ಹಾಕ್ಬೇಕಲ್ಲ? ಉಪ್ಪು ಕರಗಿದಂಗೆ ದೃಷ್ಟಿ ಕರಗ್ಲಿ ಅಂತ ತೊಟ್ಟಿಗೆ ಹಾಕ್ತಿದ್ದೆ. ಗಿಡ ಇನ್ನೂ ಒಣಗ್ತು, ಇನ್ನೂ ಜಾಸ್ತಿ ಹಾಕ್ದೆ."

ದೃಷ್ಟಿ ತೆಗೆಯುವುದನ್ನು ಇನ್ನೊಬ್ಬರು ಕಂಡರೆ ಫಲವಿಲ್ಲ, ಅದಕ್ಕೇ ಅವಳು ನಮಗಾರಿಗೂ ಹೇಳಿರಲಿಲ್ಲ. ಯಾರೂ ಕೈ ಅದ್ದಬಾರದು ಅನ್ನುವ ಅವಳದ್ದೇ ಕಟ್ಟಳೆಯಿಂದ ಯಾರಿಗೂ ಗೊತ್ತೂ ಆಗಿರಲಿಲ್ಲ. ಅಷ್ಟು ಅನುಮಾನ ಯಾಕೆ ಬೇಕಿತ್ತು ಅಂತ ನಾನು ಬಹಳ ವರ್ಷ ಯೋಚಿಸಿದ್ದೇನೆ. ಹೂವಿನ ಗಿಡ ಒಣಗಿದರೆ ಊರವರು ಮೊದಲು ಬೆರಳು ತೋರಿಸುವುದು ಮುಡಿಯಬಾರದವಳ ಕೈ ಮೇಲೆ. ಮುಂಡೆಯ ಕೈ ತಾಗಿ ಹೀಗಾಯಿತು ಅಂತ ಯಾರಾದರೂ ಅಂದುಬಿಟ್ಟಾರು ಅನ್ನುವ ಹೆದರಿಕೆ ಅವಳಿಗೆ ಗಿಡ ನೆಟ್ಟ ದಿನದಿಂದಲೇ ಇತ್ತೋ ಏನೋ. ಅಪವಾದ ತನ್ನ ತಲೆಗೆ ಬರುವ ಮುಂಚೆ ಅದನ್ನು ಹೊರಿಸಲು ಅವಳಿಗೆ ಇನ್ನೊಂದು ತಲೆ ಬೇಕಿತ್ತು. ಹಾಗಂತ ನಾನು ಅವಳನ್ನು ಕ್ಷಮಿಸಿಬಿಟ್ಟೆ ಅಂತಲ್ಲ, ಅರ್ಥವಾಯಿತು ಅಷ್ಟೆ.

ಚಿಕ್ಕಮ್ಮನ ಅಪ್ಪ ಬಗ್ಗಿ ಗಂಟು ಎತ್ತಿಕೊಂಡರು.

"ರಾ ತಲ್ಲಿ, ಪೋದಾಂ. ಇಂಥ ಮನೇಲಿ ನೀನು ಇರೋದು ಬೇಡ."

ಚಿಕ್ಕಮ್ಮ ಅವರ ಕೈಯಿಂದ ಗಂಟು ಇಸಿದುಕೊಂಡಳು.

"ನಾನು ಬರಲ್ಲ ನಾಯ್ನಾ. ಈಗ ಬಂದ್ರೆ ನಾನೇ ಒಣಗಿಸ್ದೆ ಅಂತಾನೇ ಉಳಿಯೋದು. ಈ ಗಿಡ ಮತ್ತೆ ಹೂ ಬಿಡ್ಲಿ. ಆಮೇಲೆ ನನ್ ಕಾಲಲ್ಲಿ ನಾನೇ ಬರ್ತೀನಿ, ಬೇಕಂದ್ರೆ."

ಆಮೇಲಿನ ದಿನಗಳಲ್ಲಿ ಯಾರೂ ಯಾರ ಹತ್ತಿರವೂ ತಪ್ಪಾಯಿತು ಅನ್ನಲಿಲ್ಲ. ನಮ್ಮ ಮನೆಯಲ್ಲಿ ಆ ಮಾತಿನ ಬಳಕೆಯೇ ಇರಲಿಲ್ಲ. ಚಿಕ್ಕಮ್ಮ ತೊಟ್ಟಿ ಬರಿದು ಮಾಡಿ ಉಜ್ಜಿದಳು, ಪಾತಿಯ ಮೇಲುಮಣ್ಣು ಕೆರೆದು ಹೊರಗೆ ಹಾಕಿದಳು, ಪೈಪನ್ನು ನೇರ ಪಾತಿಗೇ ಬಿಟ್ಟು, ಮತ್ತೆ ಮತ್ತೆ ನೀರು ಹಾಯಿಸಿ ಉಪ್ಪು ತೊಳೆದಳು. ಮಣ್ಣು ಆರಿದ ಮೇಲೆ ಗೊಬ್ಬರ ಹಾಕಿ, ಅಜ್ಜಿ ಕಟ್ಟಿಟ್ಟಿದ್ದ ಬೀಜವನ್ನು ಕೇಳಿ ಪಡೆದು ಸಸಿಮಡಿ ಮಾಡಿದಳು. ಅಜ್ಜಿ ಹಿಂಬಾಗಿಲ ಹೊಸಿಲಿನ ಮೇಲೆ ಕೂತು ಎಲ್ಲ ನೋಡುವಳು. ರಾಗಿಹುಲ್ಲು ದಪ್ಪವಾಯಿತು ಅನ್ನುವಳು, ಸಸಿ ಒತ್ತಾಯಿತು ಅನ್ನುವಳು. ಮಧ್ಯೆ ನನ್ನ ಕಿವಿಯಲ್ಲಿ, "ಉಪ್ಪು ಆಮೇಲೆ ಹಾಕಿದ್ದು ಕಣೇ, ಮೊದ್ಲು ಒಣಗಿದ್ದು ಹೆಂಗೆ?" ಅಂತಲೂ ಅನ್ನುವಳು. ಚಿಕ್ಕಮ್ಮ ನಗುವುದನ್ನು ಬಿಟ್ಟಿದ್ದಳು. ಮಡಕೆಯಿಂದ ಚಿಟಿಕೆ ಉಪ್ಪು ತೆಗೆಯುವಾಗಲೂ ಅವ್ವನನ್ನು ಕೂಗಿ ತೋರಿಸಿಯೇ ಸಾರಿಗೆ ಹಾಕುತ್ತಿದ್ದಳು. ಅವ್ವನಿಗೆ ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಮಳೆಗಾಲ ಕಳೆದು ಗಿಡ ಹೂವಿಗೆ ಬಂತು. ಹಿತ್ತಲು ಕೆಂಡದ ಬಣ್ಣಕ್ಕೆ ತಿರುಗಿದ ಒಂದು ಬೆಳಗ್ಗೆ ಚಿಕ್ಕಮ್ಮ ಹೊರಗಾಗಿ ಜಗಲಿಯಲ್ಲಿ ಕೂತಿದ್ದಳು. ನಾನು ಅವಳಿಂದ ಸ್ವಲ್ಪ ದೂರದಲ್ಲಿ ಕೂತು ಬಾಯಿಪಾಠ ಒಪ್ಪಿಸುತ್ತಿದ್ದೆ. ಅಜ್ಜಿ ಹೂವಿನ ಬುಟ್ಟಿ ಹಿಡಿದುಕೊಂಡು ಬಂದು ನಮ್ಮೆದುರು ನಿಂತಳು.

"ಏಳು, ಹೂವ ಬಿಡ್ಸಾನ."

"ನಾನು ಹೊರಗಿದೀನಿ ಅತ್ತಾ."

"ಗೊತ್ತು ಕಣಮ್ಮ. ನಂಗೇನು ಕಣ್ಣಿಲ್ವಾ? ಏಳು ಅಂದೆ."

ಚಿಕ್ಕಮ್ಮ ಏಳಲಿಲ್ಲ. ಅಜ್ಜಿಯ ಮುಖವನ್ನೇ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು, ಅದು ನಮ್ಮ ಮನೆಯ ನೋಟ. ಅವಳು ಈಗ ನಮ್ಮ ಮನೆಯವಳಾಗಿಬಿಟ್ಟಿದ್ದಳು.

"ನಾಳೆ ಒಂದು ಎಲೆ ಹಳದಿಯಾದ್ರೆ, ಇವ್ಳೇ ಒಳಗೆ ಹೋಗಿದ್ಲು ಅಂತೀರಿ. ನೀವು ಕರೆದ್ರಿ ಅಂದ್ರೆ ಯಾರು ನಂಬ್ತಾರೆ? ನಾನು ನಿಮ್ಮನ್ನ ನಂಬಲ್ಲ ಅತ್ತಾ."

"ಅಲ್ವೇ, ನಾನೇ ಬಂದು ಕರೀತಿದೀನಲ್ಲೇ!"

"ಜೋರಾಗಿ ಹೇಳಿ. ಸಿದ್ದಕ್ಕನಿಗೂ ಕೇಳ್ಲಿ."

ಅಜ್ಜಿ ಈಗ ಬುಟ್ಟಿ ಬಿಸಾಕಿ ಹೋಗುತ್ತಾಳೆ ಅಂತ ನಾನು ಹೆದರಿ ಕೂತೆ. ಅವಳು ಮಂಡಿ ಹಿಡಿದುಕೊಂಡು ಚಪ್ಪಡಿ ಗೋಡೆಯ ಹತ್ತಿರ ನಡೆದುಹೋಗಿ, ಗಂಟಲು ಸರಿಮಾಡಿಕೊಂಡು, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು.

"ಲೇ ಸಿದ್ದೀ! ಕೇಳಿಸ್ಕಳೇ! ನನ್ ಸೊಸೆ ಹೊರಗಾಗವ್ಳೆ. ಆದ್ರೂ ಹೂವ ಬಿಡ್ಸಾಕೆ ಪಾತಿಗೆ ನಾನೇ ಕರೀತಿದೀನಿ. ನಾಳೆ ಗಿಡಕ್ಕೆ ಏನಾದ್ರೂ ಆದ್ರೆ ಅದು ನನ್ ತಲೆ ಮೇಲೆ. ಅವ್ಳ ಕೈಲಿ ಏನೂ ದೋಷ ಇಲ್ಲ, ಗೊತ್ತಾಯ್ತಾ?"

ಗೋಡೆಯಾಚೆ ಸಿದ್ದಕ್ಕನ ಪೊರಕೆಯ ಸದ್ದು ನಿಂತಿತು.

"ಏನಾತಕ್ಕಾ ನಿಂಗೆ ಬೆಳಬೆಳಗ್ಗೆ? ಬುದ್ಧಿ ನೆಟ್ಟಗೈತಾ?"

"ನನ್ ಗಿಡ, ನನ್ ಸೊಸೆ. ನಿಂದೇನು ಓಗೇ!"

ಅಜ್ಜಿ ವಾಪಸು ಬಂದಳು. ಏದುಸಿರು ಬರುತ್ತಿತ್ತು, ಮುಖವೆಲ್ಲ ಕೆಂಪು. ಹೊರಗಾದವರಿಗೆ ಏನೇ ಕೊಡುವುದಿದ್ದರೂ ನಮ್ಮಲ್ಲಿ ನೆಲದ ಮೇಲಿಟ್ಟು ಹಿಂದೆ ಸರಿಯುತ್ತಿದ್ದರು. ಅವಳು ಬುಟ್ಟಿಯನ್ನು ಚಿಕ್ಕಮ್ಮನ ಕೈಗೇ ಚಾಚಿದಳು, ಚಿಕ್ಕಮ್ಮ ಹಿಡಿದುಕೊಳ್ಳುವ ತನಕ ಕೈ ಬಿಡಲಿಲ್ಲ.